ಪತ್ತನಾಜೆಯ ಒಳಗೆ ಟೈರ್ ನೋಡಿಸಿ: ಕರಾವಳಿಯ ಸಾರಿಗೆ ಅಧಿಕಾರಿಗಳಿಗೊಂದು ಬಹಿರಂಗ ಪತ್ರ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಸಾರಿಗೆ ಅಧಿಕಾರಿಗಳಿಗೆ, ನಮಸ್ಕಾರಗಳು.

ವಿಷಯ: ಮಳೆಗಾಲ ಶುರುವಾಗುವ ಮುಂಚೆ ವಾಹನಗಳ ಟೈರ್ ತಪಾಸಣೆ ಮಾಡಿಸುವ ಬಗ್ಗೆ.

ಮಾನ್ಯರೇ,

ನಾನು ಉದ್ಯಾವರದವಳು. ಸುರತ್ಕಲ್ ಕಡೆಯ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ, ಹೆಜಮಾಡಿ, ಮೂಲ್ಕಿ ದಾಟಿ ದಿನಾ ಹೋಗಿ ಬರುವುದು ಸುಮಾರು 70 ಕಿಲೋಮೀಟರ್. ಸಣ್ಣ ಕಾರು, ನಾನೇ ಓಡಿಸುವುದು. ನನ್ನ ಹಾಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೊಟ್ಟೆಪಾಡಿಗಾಗಿ ಓಡಾಡುವವರು ಎಷ್ಟು ಸಾವಿರ ಜನ ಇದ್ದಾರೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಈ ಪತ್ರ ನಿಮಗೆ ಬರೆದದ್ದು. ಆದರೆ ಅವರೂ ಓದಲಿ ಅಂತಲೇ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ.

ಕಳೆದ ವರ್ಷ ಜೂನ್‌ನ ಒಂದು ಬೆಳಗ್ಗೆ. ಪರೀಕ್ಷೆ ಡ್ಯೂಟಿ ಇತ್ತು, ಸ್ವಲ್ಪ ತಡವಾಗಿತ್ತು. ಉಚ್ಚಿಲ ದಾಟಿ ಎರ್ಮಾಳು ಕಡೆ ಹೋಗುತ್ತಿದ್ದೆ. ರಾತ್ರಿಯಿಡೀ ಹೊಯ್ದ ಮಳೆ ಆಗಷ್ಟೇ ಹನಿಗೆ ಇಳಿದಿತ್ತು. ಸ್ಪೀಡು 70ರ ಆಸುಪಾಸು. ಮುಂದೆ ಹೋಗುತ್ತಿದ್ದ ಸ್ಕೂಟರಿನವರು ನೀರು ನಿಂತ ಜಾಗ ತಪ್ಪಿಸಲು ಸ್ವಲ್ಪ ಬಲಕ್ಕೆ ಬಂದರು. ನಾನೂ ಬಲಕ್ಕೆ ತಿರುಗಿಸಿ ಬ್ರೇಕ್ ಒತ್ತಿದೆ. ಅಷ್ಟೇ. ಕಾರಿನ ಮುಂಭಾಗ ಹೇಳಿದ ಮಾತು ಕೇಳಿತು, ಹಿಂಭಾಗ ಕೇಳಲಿಲ್ಲ. ಯಾರೋ ಹಿಂದಿನಿಂದ ಬಾಲ ಹಿಡಿದು ಬೀಸಿದ ಹಾಗೆ ಕಾರು ಅರ್ಧ ಸುತ್ತು ತಿರುಗಿತು. ಡಿವೈಡರಿನ ಕಣಗಿಲೆ ಗಿಡಗಳಿಗೆ ಹಿಂಬದಿ ತಾಗಿ ನಿಂತಾಗ ನಾನು ಬಂದ ದಾರಿಯ ಕಡೆಗೇ ಮುಖ ಮಾಡಿದ್ದೆ. ಎದುರಿಗೆ ಒಂದು ಲಾರಿ ಹೆಡ್‌ಲೈಟ್ ಹಾಕಿ ಹಾರ್ನ್ ಹೊಡೆಯುತ್ತಾ ಬರುತ್ತಿತ್ತು. ಅವರು ಪಕ್ಕದ ಲೇನಿಗೆ ಸರಿಸಿಕೊಂಡು ಹೋದರು. ಆ ಡ್ರೈವರಿಗೆ ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಹಿಂದೆ ಬರುತ್ತಿದ್ದ ಕೋಳಿ ಟೆಂಪೋದವರು ನಿಲ್ಲಿಸಿ ಇಳಿದು ಬಂದರು. ನನಗೆ ನೀರು ಕೊಟ್ಟರು. ಕಾರಿಗೆ ಒಂದು ಸುತ್ತು ಹಾಕಿದರು. ಹಿಂದಿನ ಟೈರಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಹೆಬ್ಬೆರಳು ಆಡಿಸಿ, "ಟಯರ್‌ಡ್ ದಾಲಾ ಇಜ್ಜಿ ಅಕ್ಕ" ಅಂದರು. ಟೈರಿನಲ್ಲಿ ಏನೂ ಇಲ್ಲ ಅಕ್ಕ ಅಂತ. ನಾನೂ ಕೈ ಇಟ್ಟು ನೋಡಿದೆ. ಹಳೇ ಮಣೆ ಸವರಿದ ಹಾಗೆ ನುಣ್ಣಗಿತ್ತು. ಮಧ್ಯದ ಗೀರುಗಳು ಕಣ್ಣಿಗೆ ಕಾಣುತ್ತಿದ್ದವು, ಬೆರಳಿಗೆ ಸಿಗುತ್ತಿರಲಿಲ್ಲ. ಮುಂದಿನ ಎರಡು ಟೈರ್ ಮಾತ್ರ ಹೊಸದು, ನಾಲ್ಕು ತಿಂಗಳ ಹಿಂದೆ ಹಾಕಿಸಿದ್ದು. ನಾಲ್ಕೂ ಒಟ್ಟಿಗೆ ಹಾಕಿಸಿದರೆ ದುಡ್ಡು ಜಾಸ್ತಿ ಆಗುತ್ತದೆ ಅಂತ ಎರಡೇ ಹಾಕಿಸಿದ್ದೆ. ಅಂಗಡಿಯಲ್ಲಿ, "ಮುಂದೆ ಎಂಜಿನ್ ಭಾರ ಉಂಟಲ್ವಾ ಮೇಡಂ, ಮುಂದಕ್ಕೇ ಹಾಕುವ" ಅಂದಿದ್ದರು. ಸರಿ ಅನ್ನಿಸಿತ್ತು.

ಅದು ಸರಿಯಲ್ಲ ಅಂತ ಆಮೇಲೆ ತಿಳಿಯಿತು. ಎರಡೇ ಹೊಸ ಟೈರ್ ಹಾಕುವುದಾದರೆ ಅವು ಹಿಂದಕ್ಕೆ ಹೋಗಬೇಕು. ಎಂಜಿನ್ ಮುಂದಿದ್ದರೂ ಅಷ್ಟೇ. ಮುಂದಿನ ಟೈರ್ ಜಾರಿದರೆ ಸ್ಟೇರಿಂಗ್ ಹಗುರಾಗಿ ಕೈಗೆ ಗೊತ್ತಾಗುತ್ತದೆ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹೆಚ್ಚಾಗಿ ಹಿಡಿತ ವಾಪಸ್ ಬರುತ್ತದೆ. ಹಿಂದಿನ ಟೈರ್ ಜಾರಿದರೆ ಕಾರು ತಿರುಗಿಯೇ ಬಿಡುತ್ತದೆ. ನಮ್ಮಂಥ ಸಾಮಾನ್ಯ ಡ್ರೈವರುಗಳಿಗೆ ಅದನ್ನು ಸರಿ ಮಾಡುವಷ್ಟು ಹೊತ್ತೂ ಇರುವುದಿಲ್ಲ, ವಿದ್ಯೆಯೂ ಇಲ್ಲ. ಇಪ್ಪತ್ತು ವರ್ಷದಿಂದ ಲೈಸೆನ್ಸ್ ಇಟ್ಟುಕೊಂಡ ನನಗೆ ಇಷ್ಟು ಸಣ್ಣ ವಿಷಯ ಯಾರೂ ಹೇಳಿರಲಿಲ್ಲ. ಲೈಸೆನ್ಸ್ ಪರೀಕ್ಷೆಯಲ್ಲೂ ಕೇಳಿರಲಿಲ್ಲ.

ಇನ್ನು ಕಾಲೇಜಿನ ಕಥೆ. ವಿಷಯ ಸ್ಟಾಫ್ ರೂಮಿಗೆ ಬಂದ ಮೇಲೆ ಬಗೆಬಗೆಯ ಸಲಹೆಗಳು ಬಂದವು. ಒಬ್ಬರು ಮಳೆಗಾಲದಲ್ಲಿ ಗಾಳಿ ಸ್ವಲ್ಪ ಕಡಿಮೆ ಇಟ್ಟರೆ ಗ್ರಿಪ್ ಸಿಗುತ್ತದೆ ಅಂದರು. ಇದು ಪೂರ್ತಿ ಉಲ್ಟಾ. ಗಾಳಿ ಕಡಿಮೆಯಾದರೆ ಟೈರ್ ನೀರನ್ನು ಸೀಳಿಕೊಂಡು ಹೋಗುವ ಬದಲು ನೀರಿನ ಮೇಲೆ ತೇಲುವುದು ಇನ್ನೂ ಬೇಗ. ಇನ್ನೊಬ್ಬರು ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿದ್ದರು. "ಹೊರದೇಶದಲ್ಲಿ ವಿಂಟರ್ ಟೈರ್ ಅಂತ ಸಿಗ್ತದೆ, ಗೀರು ಆಳ, ಹಿಮದಲ್ಲೇ ಜಾರುವುದಿಲ್ಲ, ಇನ್ನು ನಮ್ಮ ಮಳೆ ಯಾವ ಲೆಕ್ಕ? ತರಿಸಿ ಹಾಕಿ ಮಾರಾಯ್ರೆ" ಅಂದರು.

ನಗಬೇಡಿ. ಆ ಪ್ರಶ್ನೆಯಿಂದಲೇ ನನಗೆ ಈ ಪತ್ರದ ದಾರಿ ಸಿಕ್ಕಿದ್ದು.

ನನ್ನ ತಮ್ಮ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾನೆ. ಒಮ್ಮೆ ಅಕ್ಟೋಬರ್ ಕೊನೆಗೆ ಅವನ ಮನೆಗೆ ಹೋಗಿದ್ದಾಗ ಶನಿವಾರ ಬೆಳಗ್ಗೆ ನನ್ನನ್ನೂ ಕರೆದುಕೊಂಡು ಗ್ಯಾರೇಜಿಗೆ ಹೋದ. ಅಲ್ಲಿ ಜನವೋ ಜನ. ಎಲ್ಲರದೂ ಒಂದೇ ಕೆಲಸ, ಬೇಸಿಗೆ ಟೈರ್ ಕಳಚಿ ಚಳಿಗಾಲದ ಟೈರ್ ಹಾಕಿಸುವುದು. ಕಳಚಿದ ನಾಲ್ಕು ಟೈರಿಗೆ ಚೀಟಿ ಅಂಟಿಸಿ ಒಳಗೆ ತೆಗೆದುಕೊಂಡು ಹೋದರು. ಮನೆಯಲ್ಲಿ ಜಾಗ ಇಲ್ಲದವರ ಟೈರನ್ನು ಅವರೇ ಬಾಡಿಗೆಗೆ ಇಟ್ಟುಕೊಳ್ಳುತ್ತಾರಂತೆ. ಆ ಗೋಡೌನಿಗೆ ಅಲ್ಲಿ ಟೈರ್ ಹೋಟೆಲ್ ಅಂತಲೇ ಹೆಸರು. ಉಡುಪಿಯವಳಾದ ನನಗೆ ಹೋಟೆಲ್ ಅಂದ ಕೂಡಲೇ ಮೂಗಿಗೆ ಸಾಂಬಾರಿನ ಪರಿಮಳ ಬರುತ್ತದೆ. ಅಲ್ಲಿ ನೋಡಿದರೆ ಬರೀ ರಬ್ಬರಿನ ವಾಸನೆ.

"ಇಷ್ಟೆಲ್ಲ ಖರ್ಚು ಸುಮ್ನೆ ಅಲ್ವಾ?" ಅಂತ ಕೇಳಿದೆ. ಅವನು ವಿವರಿಸಿದ. ಬೇಸಿಗೆ ಟೈರಿನ ರಬ್ಬರ್ ಚಳಿಗೆ ಗಟ್ಟಿಯಾಗುತ್ತದೆ. ಉಷ್ಣತೆ 7 ಡಿಗ್ರಿಗಿಂತ ಕೆಳಗೆ ಹೋದರೆ ಟೈರ್ ಬದಲಿಸಬೇಕು ಅನ್ನುವುದು ಅಲ್ಲಿ ಎಲ್ಲರ ಬಾಯಲ್ಲಿರುವ ಲೆಕ್ಕ. ಚಳಿಗಾಲದ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗೇ ಇರುತ್ತದೆ. ಅದರ ಮೈಮೇಲೆ ಬ್ಲೇಡಿನಿಂದ ಗೀರಿದ ಹಾಗೆ ನೂರಾರು ಸಣ್ಣ ಗೀರುಗಳಿರುತ್ತವೆ, ಅವು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಜರ್ಮನಿಯಲ್ಲಿ 2010ರಿಂದ ಇದರ ಬಗ್ಗೆ ಖಡಕ್ ನಿಯಮ ಇದೆ. ಇಂಥ ತಾರೀಕಿನಿಂದ ಅಂತ ಇಲ್ಲ, ರಸ್ತೆಯಲ್ಲಿ ಹಿಮವೋ ಮಂಜುಗಡ್ಡೆಯೋ ಇದ್ದಾಗ ಚಳಿಗಾಲದ ಟೈರ್ ಇಲ್ಲದೆ ಓಡಿಸುವಂತಿಲ್ಲ. ಸಿಕ್ಕಿಬಿದ್ದರೆ 60 ಯೂರೋ ದಂಡ, ಲೈಸೆನ್ಸಿನ ಲೆಕ್ಕಕ್ಕೆ ಒಂದು ಪಾಯಿಂಟ್. ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು, ಈ ಚಿಹ್ನೆ ಇದ್ದರೆ ಮಾತ್ರ ಚಳಿಗಾಲದ ಟೈರ್ ಅಂತ ಲೆಕ್ಕ. ಬರೀ ಎಂ ಪ್ಲಸ್ ಎಸ್ (ಕೆಸರು ಮತ್ತು ಹಿಮಕ್ಕೆ ಅಂತ ಅರ್ಥ) ಅಂತ ಬರೆದಿರುವುದು 2024ರ ಅಕ್ಟೋಬರಿನಿಂದ ಅಲ್ಲಿ ನಡೆಯುವುದಿಲ್ಲ.

ಖರ್ಚಿನ ಬಗ್ಗೆ ಅವನು ಹೇಳಿದ್ದು ನನ್ನ ಲೆಕ್ಕದ ತಲೆಗೆ ಹಿಡಿಸಿತು. "ಎರಡು ಸೆಟ್ ತಗೊಂಡರೆ ಖರ್ಚು ಡಬಲ್ ಅಲ್ಲ ಅಕ್ಕ. ಇದು ಓಡುವಾಗ ಅದು ಮಲಗಿರ್ತದೆ. ಎರಡೂ ನಿಧಾನ ಸವೆಯುತ್ತವೆ. ಹೆಚ್ಚಿಗೆ ಹೋಗುವುದು ಡಿಸ್ಕು, ಕಳಚಿ ಹಾಕುವ ಕೂಲಿ, ಬಾಡಿಗೆ, ಅಷ್ಟೇ." ಕಡಿಮೆ ಓಡಿಸುವ ಅವನ ಪಕ್ಕದ ಮನೆಯವರು ಅದೇ ಬೆಟ್ಟದ ಚಿಹ್ನೆಯ ಆಲ್ ಸೀಸನ್ ಟೈರ್ ಹಾಕಿ ವರ್ಷವಿಡೀ ಸುಧಾರಿಸುತ್ತಾರಂತೆ. ಊರೊಳಗೆ ಮಾತ್ರ ಓಡಾಡುವವರಿಗೆ ಅಷ್ಟು ಸಾಕು. ಬೆಟ್ಟದ ಕಡೆ ಹೋಗುವವರಿಗೆ ಸಾಲದು. ಅಂದರೆ ಅಲ್ಲಿಯೂ ಎಲ್ಲರಿಗೂ ಒಂದೇ ಉತ್ತರ ಇಲ್ಲ.

ನಮ್ಮ ಸ್ಟಾಫ್ ರೂಮಿನ ಪ್ರಶ್ನೆಗೆ ಮಾತ್ರ ಉತ್ತರ ಸುಲಭ. ಮಂಗಳೂರಿನ ಡಿಸೆಂಬರ್ ಬೆಳಗಿನಲ್ಲೂ 20 ಡಿಗ್ರಿ ಆಸುಪಾಸು ಇರುತ್ತದೆ. 7 ಡಿಗ್ರಿಗೆಂದು ಮಾಡಿದ ಮೆತ್ತನೆಯ ರಬ್ಬರನ್ನು ಏಪ್ರಿಲ್ ಬಿಸಿಲಿನಲ್ಲಿ ಪಡುಬಿದ್ರಿಯ ಡಾಂಬರಿನ ಮೇಲೆ ಓಡಿಸಿದರೆ ಪೆನ್ಸಿಲ್ ರಬ್ಬರಿನ ಹಾಗೆ ಸವೆದು ಹೋದೀತು. ಬ್ರೇಕ್ ಹಾಕಿದರೆ ನಿಲ್ಲುವುದೂ ತಡ. ನಮಗೆ ಅದು ದುಡ್ಡು ದಂಡ.

ಆದರೆ ಅವತ್ತು ಗ್ಯಾರೇಜಿನಲ್ಲಿ ತಮ್ಮ ಹೇಳಿದ ಇನ್ನೊಂದು ಮಾತನ್ನು ನಾನು ಬಿಡಲಾರೆ. ಜರ್ಮನಿಯವರು ಬಾಯಿಪಾಠ ಮಾಡಿಕೊಂಡ ಒಂದು ಸೂತ್ರ ಇದೆ: "ಫೋನ್ ಓ ಬಿಸ್ ಓ". ಅಂದರೆ ‘ಓ’ದಿಂದ ‘ಓ’ವರೆಗೆ. ಮೊದಲ ಓ ಅಕ್ಟೋಬರ್, ಎರಡನೆಯದು ಓಸ್ಟರ್ನ್, ಅಂದರೆ ಈಸ್ಟರ್ ಹಬ್ಬ. ಇದು ಕಾನೂನಿನಲ್ಲಿ ಇಲ್ಲ, ಜನರ ನಾಲಿಗೆಯ ಮೇಲಿದೆ. ಅಕ್ಟೋಬರ್ ಬಂತು ಅಂದರೆ ಅಜ್ಜಿಯರೂ ಟೈರ್ ಹಾಕಿಸಿದಿಯಾ ಅಂತ ಕೇಳುತ್ತಾರಂತೆ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಪತ್ತನಾಜೆ.

ನಮಗೂ ಇಂಥ ಒಂದು ದಿನ ಇದೆ ಅಲ್ವಾ? ತುಳುವರ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಹೊತ್ತಿಗೆ ಬರುತ್ತದೆ. ಯಕ್ಷಗಾನ ಮೇಳಗಳು ಅವತ್ತು ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮಗಳು ನಿಲ್ಲುತ್ತವೆ. ಇನ್ನು ಮಳೆಯ ಕಾಲ ಅಂತ ಅರ್ಥ. ಮೇಳಗಳು ಮತ್ತೆ ಹೊರಡುವುದು ದೀಪಾವಳಿ ಕಳೆದ ಮೇಲೆ. 2025ರಲ್ಲಿ ಮುಂಗಾರು ಕೇರಳ ಮುಟ್ಟಿದ್ದೂ ಮೇ 24ಕ್ಕೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ವಾರ ಮುಂಚೆ ಬಂದ ಮಳೆ. ಹಿರಿಯರ ಲೆಕ್ಕದಲ್ಲಿ ಸರಿಯಾದ ದಿನಕ್ಕೇ ಬಂದಿತ್ತು.

ಪತ್ತನಾಜೆಯ ಒಳಗೆ ಏನೆಲ್ಲ ಮಾಡುತ್ತೇವೆ ನೋಡಿ. ಸೌದೆ ಒಳಗೆ ಹಾಕುತ್ತೇವೆ. ಹಪ್ಪಳ, ಸಂಡಿಗೆ, ಒಣಮೀನು ಡಬ್ಬ ಸೇರುತ್ತವೆ. ಒಡೆದ ಹಂಚು ಬದಲಿಸುತ್ತೇವೆ. ತೋಟ ಇದ್ದವರು ಅಡಿಕೆಗೆ ಮದ್ದು ಬಿಡುವವರನ್ನು ಗೊತ್ತು ಮಾಡಿ ಇಡುತ್ತಾರೆ. ಅಂಗಳದಲ್ಲಿ ಪಾಚಿ ಹಿಡಿಯುತ್ತದೆ ಅಂತ ನಡೆಯುವ ಜಾಗಕ್ಕೆ ತೆಂಗಿನ ಮಡಲು ಹಾಸುತ್ತೇವೆ. ಮಕ್ಕಳಿಗೆ ಹೊಸ ಚಪ್ಪಲಿ ತರುತ್ತೇವೆ. ಅಡಿ ಸವೆದ ಹವಾಯಿ ಚಪ್ಪಲಿ ಹಾಕಿಕೊಂಡು ಪಾಚಿಯ ಮೇಲೆ ಕಾಲಿಟ್ಟರೆ ಏನಾಗುತ್ತದೆ ಅಂತ ಕರಾವಳಿಯ ಮೂರು ವರ್ಷದ ಮಗುವಿಗೂ ಗೊತ್ತು. ಅದೇ ಮಗುವನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು, ಅಡಿ ಸವೆದ ಎರಡು ಟೈರಿನ ಮೇಲೆ ಶಾಲೆಗೆ ಬಿಡಲು ಹೊರಡುತ್ತೇವೆ.

ಕಾರಿನ ಹೊಸ ಟೈರಿನ ಗೀರಿನ ಆಳ ಸುಮಾರು 8 ಮಿಲಿಮೀಟರ್. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿಗೆ ಕನಿಷ್ಠ 1.6 ಮಿ.ಮೀ. ಇರಲೇಬೇಕು. ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಸಣ್ಣ ದಿಬ್ಬಗಳಿರುತ್ತವೆ. ಗೀರುಗಳ ನಡುವಿನ ರಬ್ಬರ್ ಉಬ್ಬು, ಅಂದರೆ ನಾವು ಬಟನ್ ಅನ್ನುವುದು, ಸವೆದು ಆ ದಿಬ್ಬದ ಮಟ್ಟಕ್ಕೆ ಬಂತು ಅಂದರೆ ಟೈರಿನ ಆಯುಷ್ಯ ಮುಗಿಯಿತು ಅಂತ ಅರ್ಥ. ಆದರೆ 1.6 ಅನ್ನುವುದು ಕಾನೂನಿನ ಕೊನೆಯ ಮೆಟ್ಟಿಲು. ಮಳೆಯಲ್ಲಿ ನೀರು ಹೊರಹಾಕುವ ಶಕ್ತಿ ಅದಕ್ಕಿಂತ ಎಷ್ಟೋ ಮುಂಚೆಯೇ ಇಳಿದಿರುತ್ತದೆ. ಸ್ವೀಡನ್ನಿನಲ್ಲಿ ಚಳಿಗಾಲದ ಟೈರಿಗೆ ಕನಿಷ್ಠ 3 ಮಿ.ಮೀ., ಆಸ್ಟ್ರಿಯಾದಲ್ಲಿ 4 ಮಿ.ಮೀ. ಅಂತ ಕಾನೂನೇ ಇದೆ. ಅವರ ಕಷ್ಟಕ್ಕೆ ತಕ್ಕ ಅಳತೆ ಅವರು ಇಟ್ಟುಕೊಂಡಿದ್ದಾರೆ. ನಾಲ್ಕು ತಿಂಗಳು ಆಕಾಶವೇ ತೂತಾದ ಹಾಗೆ ಸುರಿಯುವ ಈ ಊರಿಗೂ, ಹನಿ ಬಿದ್ದರೆ ಹಬ್ಬ ಮಾಡುವ ರಾಜಸ್ಥಾನಕ್ಕೂ ನಮ್ಮಲ್ಲಿ ಅಳತೆ ಒಂದೇ.

ನನಗೂ ದುಡ್ಡು ಉಳಿಸುವ ಆಸೆ ಇದೆ, ಆದ್ದರಿಂದ ಲೆಕ್ಕ ಹಾಕಿದೆ. ನಾಲ್ಕು ಟೈರಿಗೆ 18,000 ರೂಪಾಯಿ ಅಂತ ಇಟ್ಟುಕೊಳ್ಳಿ. 1.6ರವರೆಗೆ ಸವೆಸಿದರೆ 40,000 ಕಿಲೋಮೀಟರ್ ಬರುತ್ತದೆ ಅಂದುಕೊಳ್ಳಿ. 3 ಮಿ.ಮೀ. ಇರುವಾಗಲೇ ಬದಲಿಸಿದರೆ ಹತ್ತಿರ ಹತ್ತಿರ 31,000 ಬಂದೀತು. ನನ್ನ ವರ್ಷದ ಓಡಾಟಕ್ಕೆ ಹೊಂದಿಸಿದರೆ ಹೆಚ್ಚಿಗೆ ಬೀಳುವುದು ವರ್ಷಕ್ಕೆ 2,000 ರೂಪಾಯಿಯ ಒಳಗೆ, ದಿನಕ್ಕೆ ಐದು ರೂಪಾಯಿ ಚಿಲ್ಲರೆ. ಒಂದು ಪ್ಲೇಟ್ ಗೋಳಿಬಜೆಯೂ ಬರುವುದಿಲ್ಲ. ಅವತ್ತು ಡಿವೈಡರಿಗೆ ತಾಗಿದ ಹಿಂದಿನ ಬಂಪರ್ ಮತ್ತು ಲೈಟಿಗೆ ನಾನು ಕೊಟ್ಟದ್ದು ಇದರ ಐದು ಪಟ್ಟು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿದೆ ಕೂಡ. ಕಾರಿನವರಿಗೆ ಇನ್ನು ನೆಪ ಇಲ್ಲ.

ಆದರೆ ಎಲ್ಲರೂ ಕಾರಿನವರಲ್ಲ. ನಮ್ಮ ಕಾಲೇಜಿನ ಪಾರ್ಕಿಂಗಿನಲ್ಲಿ ಒಂದು ಮಧ್ಯಾಹ್ನ ಸುಮ್ನೆ ಸುತ್ತು ಹಾಕಿದೆ. ಒಂದು ಸ್ಕೂಟರಿನ ಹಿಂದಿನ ಟೈರಿನಲ್ಲಿ ರಬ್ಬರ್ ಪೂರ್ತಿ ಹೋಗಿ ಒಳಗಿನ ನೂಲು ಕಾಣುತ್ತಿತ್ತು. ಹಳೇ ಟವೆಲಿನ ಅಂಚಿನ ಹಾಗೆ ಎಳೆ ಎದ್ದಿತ್ತು. ಕನ್ನಡಿಗೆ ಮಾತ್ರ ಹೊಸ ಸ್ಟಿಕ್ಕರ್. ಗಾಡಿಯ ಹುಡುಗನನ್ನು ಕರೆದು ತೋರಿಸಿದೆ. "ಮ್ಯಾಮ್, ಪಂಕ್ಚರ್ ಆಗ್ಲಿಲ್ಲ ಅಲ್ವಾ" ಅಂದ. ಟೈರ್ ಅಂದರೆ ಗಾಳಿ ನಿಲ್ಲಬೇಕು, ಅಷ್ಟೇ ಅವನ ಲೆಕ್ಕ. ಅವನನ್ನು ಬೈಯುವುದು ಹೇಗೆ? ನನ್ನ ಲೆಕ್ಕವೂ ಮೊನ್ನೆ ಮೊನ್ನೆಯವರೆಗೆ ಅಷ್ಟೇ ಇತ್ತು.

ನಮ್ಮ ಬಸ್ ಸ್ಟಾಪಿನ ಹತ್ತಿರದ ರಿಕ್ಷಾ ಅಣ್ಣನೊಬ್ಬರ ಮಾತು ಇನ್ನೂ ಕಹಿ. ಎಫ್‌ಸಿಗೆ, ಅಂದರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟಿಗೆ, ಹೋಗುವಾಗ ಗೆಳೆಯರ ರಿಕ್ಷಾದಿಂದ ಒಳ್ಳೆಯ ಟೈರ್ ತಂದು ಹಾಕಿಕೊಂಡು ಹೋಗುವವರು ಇದ್ದಾರಂತೆ. ಸರ್ಟಿಫಿಕೇಟ್ ಸಿಕ್ಕಿದ ಮೇಲೆ ಹಳೆಯದನ್ನೇ ವಾಪಸ್ ಹಾಕುವುದಂತೆ. "ತಪ್ಪು ಅಂತ ಗೊತ್ತುಂಟು ಟೀಚರ್. ಆದರೆ ಜೂನ್ ತಿಂಗಳಲ್ಲಿ ಮಕ್ಕಳ ಫೀಸು, ಪುಸ್ತಕ, ಕೊಡೆ ಎಲ್ಲ ಒಟ್ಟಿಗೇ ಬರ್ತದೆ. ಟೈರ್ ಆಟಿ ಕಳೆದ ಮೇಲೆ ನೋಡುವ ಅಂತ ಆಗ್ತದೆ" ಅಂದರು. ತುಳುವರ ಆಟಿ ತಿಂಗಳು ಕಳೆಯುವುದು ಆಗಸ್ಟ್ ನಡುವಿಗೆ. ಅಷ್ಟು ಹೊತ್ತಿಗೆ ಜೋರು ಮಳೆಯೆಲ್ಲ ಆ ಬೋಳು ಟೈರಿನ ಮೇಲೇ ಕಳೆದಿರುತ್ತದೆ.

ಮಾನ್ಯರೇ, ಈಗ ದೂರಿಗೆ ಬರುತ್ತೇನೆ. ಬಾಡಿಗೆ ವಾಹನಗಳಿಗಾದರೂ ಎಫ್‌ಸಿ ಅಂತ ಇದೆ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಖಾಸಗಿ ಕಾರು, ಸ್ಕೂಟರುಗಳಿಗೆ ಆರ್‌ಸಿ ಒಮ್ಮೆ ಕೊಟ್ಟರೆ 15 ವರ್ಷ. ಆ ಹದಿನೈದು ವರ್ಷದಲ್ಲಿ ಆ ಗಾಡಿ ಮೂರೋ ನಾಲ್ಕೋ ಸಲ ಟೈರ್ ಬದಲಿಸಿರಬೇಕು. ಬದಲಿಸಿತೋ ಇಲ್ಲವೋ ಅಂತ ನೋಡುವವರು ಯಾರು? ಹೊಗೆ ತಪಾಸಣೆಯ ಚೀಟಿ ಕೇಳುತ್ತಾರೆ. ಇನ್ಶೂರೆನ್ಸ್ ಕೇಳುತ್ತಾರೆ. ಹೆಲ್ಮೆಟ್, ಸೀಟ್ ಬೆಲ್ಟ್ ನೋಡುತ್ತಾರೆ, ನೋಡಬೇಕಾದ್ದೇ. ಇಷ್ಟು ವರ್ಷದಲ್ಲಿ ನನ್ನನ್ನು ನಿಲ್ಲಿಸಿದ ಯಾರೊಬ್ಬರೂ ಬಗ್ಗಿ ನನ್ನ ಟೈರ್ ನೋಡಿಲ್ಲ. ಮೊದಲು ನೋಡಿದ್ದು ಆ ಕೋಳಿ ಟೆಂಪೋದವರು.

"ರಸ್ತೆ ಸರಿ ಮಾಡಿ ಅಂತ ಕೇಳುವುದು ಬಿಟ್ಟು ಟೈರಿಗೆ ಯಾಕೆ ಹಿಡಿದುಕೊಂಡಿರಿ" ಅಂತ ಕೇಳುವವರು ಇದ್ದಾರೆ. ನನ್ನ ಗಂಡನೇ ಕೇಳಿದರು. ನಿಜ, ಹೆದ್ದಾರಿಯಲ್ಲಿ ನೀರು ನಿಲ್ಲದಿದ್ದರೆ ನಾನು ತಿರುಗುತ್ತಿರಲಿಲ್ಲವೇನೋ. ಮೀನಿನ ಲಾರಿಗಳಿಂದ ಸೋರುವ ನೀರು, ಮೊದಲ ಮಳೆಗೆ ಮೇಲೆದ್ದು ಬರುವ ಎಣ್ಣೆ ಜಿಡ್ಡು, ಚರಂಡಿ ಮುಚ್ಚಿ ಮಾಡಿದ ಸರ್ವಿಸ್ ರೋಡು, ಎಲ್ಲಕ್ಕೂ ಬೇರೆ ಬೇರೆ ಪತ್ರ ಬರೆಯಬೇಕು, ಬರೆಯುತ್ತೇನೆ. ಆದರೆ ಆ ದಿನ ಅದೇ ನೀರಿನ ಮೇಲೆ, ಅದೇ ಸ್ಪೀಡಿನಲ್ಲಿ, ನನ್ನ ಹಿಂದೆ ಬಂದವರು ಯಾರೂ ತಿರುಗಲಿಲ್ಲ. ರಸ್ತೆ ಎಲ್ಲರಿಗೂ ಒಂದೇ ಇತ್ತು. ಟೈರ್ ಮಾತ್ರ ನನ್ನದು.

ಆದ್ದರಿಂದ ನನ್ನ ವಿನಂತಿ. ಮೇ ತಿಂಗಳ ಮೊದಲ ಎರಡು ವಾರ, ಪತ್ತನಾಜೆಯ ಒಳಗೆ, ಎರಡೂ ಜಿಲ್ಲೆಗಳಲ್ಲಿ ಟೈರ್ ನೋಡುವ ಶಿಬಿರ ಮಾಡಿ. ಪೆಟ್ರೋಲ್ ಬಂಕ್, ಟೋಲ್ ಗೇಟಿನ ಪಕ್ಕ, ಕಾಲೇಜಿನ ಗೇಟು, ರಿಕ್ಷಾ ಪಾರ್ಕು, ಎಲ್ಲಿಯಾದರೂ ಆಗುತ್ತದೆ. ದೊಡ್ಡ ಮಿಷನ್ ಏನೂ ಬೇಡ. ಬೆರಳುದ್ದದ ಗೇಜು ಸಾಕು. ಗೇಜು ಇಲ್ಲದಿದ್ದರೆ ಬೆಂಕಿಕಡ್ಡಿಯೂ ಆದೀತು. ಕಡ್ಡಿಯ ದಪ್ಪ ಹೆಚ್ಚು ಕಡಿಮೆ 2 ಮಿ.ಮೀ. ಇರುತ್ತದೆ. ಗೀರಿನಲ್ಲಿ ಉದ್ದಕ್ಕೆ ಮಲಗಿಸಿದಾಗ ಟೈರಿಗಿಂತ ಮೇಲೆ ಕಂಡರೆ ಕಾರಿನವರು ಸೀದಾ ಟೈರ್ ಅಂಗಡಿಗೆ ಹೋಗಬಹುದು. ಮೊದಲ ವರ್ಷ ದಂಡ ಹಾಕಬೇಡಿ. ದಂಡ ಅಂದ ಕೂಡಲೇ ಜನ ಒಳದಾರಿ ಹಿಡಿಯುತ್ತಾರೆ, ಟೈರ್ ತೋರಿಸುವುದಿಲ್ಲ. ಒಂದು ಚೀಟಿಯಲ್ಲಿ ನಾಲ್ಕು ಟೈರಿನ ಅಳತೆ ಬರೆದು ಕೈಗೆ ಕೊಡಿ. ಮುಂದಿನ ವರ್ಷದಿಂದ ನೂಲು ಕಾಣುವ ಟೈರಿನವರಿಗೆ ದಂಡ ಹಾಕಿ, ನಾನೇ ಚಪ್ಪಾಳೆ ತಟ್ಟುತ್ತೇನೆ.

ಟೈರ್ ಅಂಗಡಿಯವರನ್ನೂ ಒಮ್ಮೆ ಕರೆದು ಕೂರಿಸಿ ಮಾತಾಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಈ ಅಂಕಿಯನ್ನು ಬಿಲ್ಲಿನಲ್ಲಿ ಬರೆಯಲು ಹೇಳಿ. ಸೆಕೆಂಡ್ ಹ್ಯಾಂಡ್ ಟೈರ್ ಮಾರುವವರಿಗೆ ಇದು ಇನ್ನೂ ಮುಖ್ಯ. ಬಟನ್ ಚೆನ್ನಾಗಿ ಕಂಡರೂ ಹತ್ತು ವರ್ಷ ಮೂಲೆಯಲ್ಲಿ ಕೂತ ರಬ್ಬರ್ ಗಟ್ಟಿಯಾಗಿ ಬಿರಿದಿರುತ್ತದೆ, ಒದ್ದೆ ರಸ್ತೆಯನ್ನು ಹಿಡಿಯುವುದಿಲ್ಲ. ಎರಡೇ ಹಾಕಿಸುವ ನನ್ನಂಥವರಿಗೆ ಹಿಂದಕ್ಕೆ ಹಾಕಿಸಿ ಅಂತ ಅವರೇ ಹೇಳಲಿ. ಹೊಸ ಟೈರ್ ತರಲು ಹೋದಾಗ ನಾನು ಒದ್ದೆ ರಸ್ತೆಯಲ್ಲಿ ಇದರ ಗ್ರಿಪ್ ಹೇಗೆ ಅಂತ ಕೇಳಿದೆ. "ಮೈಲೇಜ್ ಒಳ್ಳೆದುಂಟು ಮೇಡಂ" ಅಂದರು. ಇನ್ನೊಮ್ಮೆ ಕೇಳಿದೆ. "ಕಂಪನಿ ಒಳ್ಳೆದು" ಅಂದರು. ಯುರೋಪಿನಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆ ‘ಎ’ಯಿಂದ ‘ಇ’ವರೆಗೆ ದರ್ಜೆ ಕೊಟ್ಟ ಚೀಟಿ ಟೈರಿನ ಮೇಲೇ ಅಂಟಿಸಿರುತ್ತಾರೆ. ನಮ್ಮ ಕೇಂದ್ರ ಸಾರಿಗೆ ಸಚಿವಾಲಯವೂ 2022ರಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆ ಕನಿಷ್ಠ ಮಟ್ಟ ನಿಗದಿ ಮಾಡಿ ಅಧಿಸೂಚನೆ ಹೊರಡಿಸಿದೆ. ಅದು ಕೌಂಟರಿನವರೆಗೆ ಬರಬೇಕಲ್ಲ. ಸಾಲ ಮಾಡಿ ಟೈರ್ ಹಾಕಿಸುವವರಿಗೆ ಮೈಲೇಜಿನ ಹಾಗೆ ಇದನ್ನೂ ಕೇಳುವ ಹಕ್ಕಿದೆ.

ರಿಕ್ಷಾದವರ ವಿಷಯ ನಿಮ್ಮೊಬ್ಬರ ಕೈಯಲ್ಲಿಲ್ಲ, ಗೊತ್ತು. ಆದರೆ ಜಿಲ್ಲಾಡಳಿತ, ಸಹಕಾರಿ ಬ್ಯಾಂಕುಗಳು, ರಿಕ್ಷಾ ಸಂಘಗಳು ಒಟ್ಟಿಗೆ ಕೂತರೆ ಮೇ ತಿಂಗಳಲ್ಲಿ ಟೈರಿಗೆ ಅಂತಲೇ ಸಣ್ಣ ಸಾಲ ಕೊಟ್ಟು ದೀಪಾವಳಿಯೊಳಗೆ ಕಂತು ತೀರಿಸಿಕೊಳ್ಳುವುದು ಕಷ್ಟವಲ್ಲ. ಬ್ಯಾಂಕುಗಳನ್ನು ಹುಟ್ಟುಹಾಕಿದ ಜಿಲ್ಲೆಗಳು ನಮ್ಮವು. ಕಾರ್ಪೊರೇಷನ್, ಕೆನರಾ, ಸಿಂಡಿಕೇಟ್, ವಿಜಯ, ಕರ್ಣಾಟಕ ಬ್ಯಾಂಕ್ ಎಲ್ಲ ಶುರುವಾದದ್ದು ಇಲ್ಲಿಂದಲೇ. ದಿನಕ್ಕೆ ಎರಡಾಣೆ ಪಿಗ್ಮಿ ಕಟ್ಟಿಸಿಕೊಂಡು ಬಡವರಿಗೆ ಉಳಿತಾಯ ಕಲಿಸಿದ ಊರಿದು. ಮೂರು ಟೈರಿಗೆ ಒಂದು ದಾರಿ ಕಾಣದೇ?

ಲರ್ನಿಂಗ್ ಲೈಸೆನ್ಸ್ ಪರೀಕ್ಷೆಯಲ್ಲಿ ಟೈರಿನ ಬಗ್ಗೆ ಎರಡು ಪ್ರಶ್ನೆ ಸೇರಿಸಲು ಮೇಲಿನವರಿಗೆ ಬರೆಯಿರಿ. ಡ್ರೈವಿಂಗ್ ಸ್ಕೂಲಿನವರು ಒಂದು ದಿನ ಮಕ್ಕಳನ್ನು ಟೈರಿನ ಮುಂದೆ ಕೂರಿಸಲಿ, ಹೆಬ್ಬೆರಳು ಆಡಿಸಿ ನೋಡಲಿ. ಐದು ನಿಮಿಷದ ಪಾಠ.

ಈ ಸಲದ ಪತ್ತನಾಜೆಗೆ ಇನ್ನು ಹೆಚ್ಚು ದಿನ ಇಲ್ಲ. ಶಿಬಿರ ಮಾಡುವುದಾದರೆ ಕಟಪಾಡಿಯಿಂದ ಸುರತ್ಕಲ್‌ವರೆಗೆ ಎಲ್ಲಿ ಹೇಳಿದರೂ ನಾನು ಬರುತ್ತೇನೆ. ನಮ್ಮ ಕಾಲೇಜಿನ ಮಕ್ಕಳೂ ಬರುತ್ತಾರೆ. ಆ ನೂಲು ಟೈರಿನ ಹುಡುಗ ಮೊನ್ನೆ ಎರಡೂ ಟೈರ್ ಹೊಸದು ಹಾಕಿಸಿ ಬಂದು ತೋರಿಸಿದ, ಅಳತೆ ಬರೆದುಕೊಳ್ಳುವ ಕೆಲಸ ಅವನಿಗೇ ಕೊಡುತ್ತೇನೆ. ಗೇಜು ನಾಲ್ಕು ಈಗಾಗಲೇ ತಂದಿಟ್ಟಿದ್ದೇನೆ. ಜಾಗ ಮತ್ತು ತಾರೀಕು ನೀವು ಹೇಳಿ.

ವಂದನೆಗಳೊಂದಿಗೆ,

ಉದ್ಯಾವರ–ಸುರತ್ಕಲ್ ದಾರಿಯಲ್ಲಿ ದಿನಾ ಕಾರು ಓಡಿಸುವ ಒಬ್ಬ ಲೆಕ್ಕದ ಟೀಚರ್